ಆರ್ವಿಲ್ ಹಾಕಡೆಯ ಅತಿ ಉದ್ದದ ಸಾವು

ಮನುಷ್ಯನ ಮುಖವನ್ನು ಕೊಟ್ಟಿಗೆ ಬಾಗಿಲಷ್ಟು ದೊಡ್ಡದು ಮಾಡಿ ಪರದೆಯ ಮೇಲೆ ತೋರಿಸಿದವರಲ್ಲಿ ಇಡೀ ಕ್ಯಾಲಿಫೋರ್ನಿಯಾಕ್ಕೆ ನಾನೇ ಮೊದಲಿಗ. ಕ್ಯಾಮೆರಾವನ್ನು ಹತ್ತಿರ ಒಯ್ಯುವ ಧೈರ್ಯ ನನಗೊಬ್ಬನಿಗೇ ಇತ್ತು. ಆಮೇಲೆ ಬಂದವರೆಲ್ಲ ನನ್ನ ಎಂಜಲು ತಿಂದವರು. ಇದನ್ನು ಒಪ್ಪದವನು ನಮ್ಮ ಆಲ್ಡರ್ ಕಣಿವೆಯಲ್ಲಿ ಒಬ್ಬನೇ, ಆರ್ವಿಲ್ ಹಾಕಡೆ. ಆ ಮುಖ ಅವನದು.

1911ರ ಮಾತು. ಆಗಿನ್ನೂ ಸಿನಿಮಾಕ್ಕೆ ಬಾಯಿ ಬಂದಿರಲಿಲ್ಲ. ನಾನು ಕ್ಯಾಮೆರಾದ ಹಿಡಿ ತಿರುಗಿಸುವವನು, ಆರ್ವಿಲ್ ಕುದುರೆಯಿಂದ ಬೀಳುವವನು. ದನ ಕಾಯುವುದು ಬಿಟ್ಟು ಬೀಳುವ ಕೆಲಸಕ್ಕೆ ಸೇರಿದ್ದ. ಏನು ಬೀಳುತ್ತಿದ್ದ ಅಂತೀರಿ! ಅವನು ಉರುಳಿದ ಕೂಡಲೇ ಮೇಲೆ ರಣಹದ್ದುಗಳು ಸುತ್ತತೊಡಗುತ್ತಿದ್ದವು. ಎದ್ದು ಪ್ಯಾಂಟು ಕೊಡವಿಕೊಂಡರೆ ಬೈದುಕೊಂಡು ಹೋಗುತ್ತಿದ್ದವು.

ನಮ್ಮ ಸಿನಿಮಾ ಕಂಪನಿಯಲ್ಲಿ ಸವಾರರು ಕಡಿಮೆ. ಬೆಳಿಗ್ಗೆ ಕಪ್ಪು ಟೋಪಿ ಹಾಕಿ ದರೋಡೆಕೋರರಾಗಿ ಓಡಿದವರೇ, ಬೀನ್ಸ್ ತಿಂದು, ಮಧ್ಯಾಹ್ನ ಬಿಳಿ ಟೋಪಿ ಹಾಕಿ ಶೆರಿಫನ ಕಡೆಯವರಾಗಿ ಅದೇ ಧೂಳಿನಲ್ಲಿ ಅಟ್ಟಿಸಿಕೊಂಡು ಹೋಗುತ್ತಿದ್ದರು. ಎರಡನ್ನೂ ಕತ್ತರಿಸಿ, ಅವರದೊಂದು ತುಂಡು ಇವರದೊಂದು ತುಂಡು ಅಂಟಿಸಿದರೆ ಸಾಕು, ಜನ ಬೆಂಚಿನ ತುದಿಗೆ ಬರುತ್ತಿದ್ದರು. ತನ್ನನ್ನು ತಾನೇ ಬೆನ್ನಟ್ಟಿ ಹಿಡಿದ ಗಂಡಸು ಲೋಕದಲ್ಲಿ ಯಾರಾದರೂ ಇದ್ದರೆ ಅದು ಆರ್ವಿಲ್.

ಆದರೆ ಎಲ್ಲ ನಡೆಯುತ್ತಿದ್ದದ್ದು ದೂರದಲ್ಲಿ. ನಿರ್ದೇಶಕ ಗಾಸೇಜ್ ನಾಟಕದಿಂದ ಬಂದವರು. ಟೋಪಿಯಿಂದ ಬೂಟಿನವರೆಗೆ ಮನುಷ್ಯ ಪೂರ್ತಿ ಕಾಣಲೇಬೇಕು. “ಕಾಲು ತೋರಿಸ್ದೇ ಇದ್ರೆ, ಪಾಪ ಕುಂಟ ಅಂದ್ಕೊಂಡು ಜನ ಅಳ್ತಾರೆ ಕಣ್ರೋ!” ಎನ್ನುತ್ತಿದ್ದರು.

ಆರ್ವಿಲ್‌ನ ತಾಯಿ ಫಿಲೀನಾಗೆ ಕಣ್ಣಿಗೆ ಪೊರೆ ಬರುತ್ತಿತ್ತು. ಶನಿವಾರ ಸಂಜೆ ಹುಲ್ಲಿನಂಗಡಿಯ ಮೇಲಿನ ಸಿನಿಮಾ ಹಾಲ್‌ನಲ್ಲಿ, ಮುಂದಿನ ಬೆಂಚಿನಲ್ಲಿ, ಕನ್ನಡಕ ಒರೆಸಿ ಒರೆಸಿ ಹಾಕಿಕೊಳ್ಳುತ್ತ ಮಗನ ಪಕ್ಕ ಕೂರುತ್ತಿದ್ದಳು.

“ಇದ್ರಲ್ಲಿ ನೀನು ಯಾವನೋ?”

“ಈಗ ಬಿದ್ನಲ್ಲಮ್ಮ, ಓಕ್ ಮರದ ಹತ್ರ.”

“ಅದು ನೀನಾ? ಯಾರದೋ ತಲೆಯಿಂದ ಹೇನು ಉದುರ್ತು ಅಂದ್ಕೊಂಡೆ.”

ಹಾಲ್‌ಗೆ ಹಾಲೇ ನಕ್ಕಿತು. ಆರ್ವಿಲ್ ನಗಲಿಲ್ಲ. ಚಳಿಗಾಲ ಮುಗಿಯುವುದರೊಳಗೆ ಪೂರ್ತಿ ಕತ್ತಲೆ ಎಂದಿದ್ದರು ಡಾಕ್ಟರು. ಅಷ್ಟರೊಳಗೆ ಒಂದೇ ಒಂದು ಸಲ, ಅಮ್ಮ ತನ್ನನ್ನು ಆ ಪರದೆಯ ಮೇಲೆ ಗುರುತು ಹಿಡಿಯಬೇಕೆಂಬ ಆಸೆ ಅವನಿಗೆ.

ಸೋಮವಾರ ನನ್ನ ಹತ್ತಿರ ಬಂದ.

“ಡೆಲ್, ಆ ಕ್ಯಾಮೆರಾ ಪೆಟ್ಟಿಗೇನ ಸ್ವಲ್ಪ ಮುಂದಕ್ಕೆ ತಗೊಂಬಾರೋ.”

“ಗಾಸೇಜ್ ನನ್ನ ಚರ್ಮ ಸುಲಿದು ಕುದುರೆಗೆ ಜೀನು ಹೊಲಿಸ್ತಾರೆ. ಆಗಲ್ಲ ಹೋಗೋ.”

“ಸರಿ ಬಿಡು.”

ಅಷ್ಟು ಸಲೀಸಾಗಿ ಬಿಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು.

ಅವತ್ತು ಕೊನೆಯ ಕಾಳಗದ ಚಿತ್ರೀಕರಣ, ಆರ್ವಿಲ್ ಕಪ್ಪು ಟೋಪಿಯ ಕಳ್ಳ. ಬಿಸಿಲು ಗುಡ್ಡದ ಹಿಂದೆ ಜಾರುತ್ತಿತ್ತು, ಫಿಲ್ಮೂ ತಳ ಕಂಡಿತ್ತು. ಮತ್ತೊಮ್ಮೆ ತೆಗೆಯುವ ಮಾತೇ ಇಲ್ಲ. ಶೆರಿಫ್ ಗುಂಡು ಹಾರಿಸಿದ. ಆರ್ವಿಲ್ ಮರದ ಬಳಿ ಎದೆ ಹಿಡಿದುಕೊಂಡ. ಬೀಳಲಿಲ್ಲ. ತೂರಾಡುತ್ತ ನನ್ನ ಕಡೆಗೇ ನಡೆದು ಬಂದ. ಬೇಲಿ ಹಿಡಿದು ಒಂದಿಷ್ಟು ಸತ್ತ, ನೀರಿನ ತೊಟ್ಟಿಗೆ ಒರಗಿ ಇನ್ನೊಂದಿಷ್ಟು ಸತ್ತ. ಶೆರಿಫ್ ಗಾಬರಿಯಾಗಿ ಮತ್ತೆ ಮತ್ತೆ ಹಾರಿಸಿದ. ಅಷ್ಟು ಗುಂಡಿಗೆ ಕಾಡೆಮ್ಮೆಯ ಹಿಂಡೇ ಮಲಗುತ್ತಿತ್ತು.

“ಬೀಳೋ! ಬೇಗ ಸಾಯೋ ದರಿದ್ರದವನೇ!” ಗಾಸೇಜ್ ಕೂಗುಗೊಳವೆಯಲ್ಲಿ ಕಿರುಚಿದರು. “ಡೆಲ್, ನಿಲ್ಸೋ!”

ನನ್ನ ಕೈ ನಿಲ್ಲಿಸಲೇ ಹೊರಟಿತ್ತು. ಅಷ್ಟರಲ್ಲಿ ಆರ್ವಿಲ್ ಕ್ಯಾಮೆರಾದ ಗಾಜಿನ ಮುಂದೆ ಟೋಪಿ ತೆಗೆದು, ನೆಟ್ಟಗೆ ನೋಡಿ, ಸಾಯುವ ತುಟಿ ಅಲ್ಲಾಡಿಸಿದ: “ನಿಲ್ಸಿದ್ಯೋ, ಹಲ್ಲು ಉದುರಿಸ್ತೀನಿ, ನಾಯಿ ನನ್ಮಗನೆ.”

ಕ್ಯಾಮೆರಾ ಒಂದಂಗುಲವೂ ಕದಲಿರಲಿಲ್ಲ, ನಿಜ. ಮುಖವೇ ಅದರ ಹತ್ತಿರಕ್ಕೆ ನಡೆದು ಬಂದಿತ್ತು. ನಾನು ಹಲ್ಲಿನ ಮೇಲಿನ ಪ್ರೀತಿಗೆ ತಿರುಗಿಸುತ್ತಲೇ ಇದ್ದೆ. ಆಮೇಲೆ ಅವನು ಕಣ್ಣು ಮೇಲೆ ಮಾಡಿ ನಿಧಾನಕ್ಕೆ ಜಾರಿದ.

ಗಾಸೇಜ್ ಕತ್ತರಿ ಹಿಡಿದು ಕೂತರು. ಆ ತುಂಡು ತೆಗೆದರೆ ಕಳ್ಳ ಸಾಯುವುದೇ ಇಲ್ಲ. ಅವನು ಮರದ ಹತ್ತಿರ ಎದೆ ಹಿಡಿದು ನಿಂತಿರುವಾಗಲೇ ಈಚೆ ಶೆರಿಫನ ಮದುವೆ ಆಗಿಹೋಗುತ್ತದೆ. ಹಲ್ಲು ಕಡಿದು ಉಳಿಸಿದರು. ಅಲ್ಲಾಡಿದ ತುಟಿಗೆ ಏನಾದರೂ ಮಾತು ಬೇಕಲ್ಲ? ಅಕ್ಷರ ಬರೆದ ಹಲಗೆಯ ಚಿತ್ರ ತೆಗೆಸಿ ಸೇರಿಸಿದರು: “ಅಮ್ಮಾ, ನಾನು ದಾರಿ ತಪ್ಪಿದೆ.”

ಸಿನಿಮಾ ನಮ್ಮ ಹಾಲ್‌ಗೆ ಬಂದಾಗ ಚಳಿಗಾಲ ಅರ್ಧ ಮುಗಿದಿತ್ತು. ಫಿಲೀನಾ ಮಗನ ಮೊಣಕೈ ಹಿಡಿದು ಮೆಟ್ಟಿಲು ಹತ್ತಿದಳು. ಆ ಹಾಲ್ ಈಗಿಲ್ಲ. ಆ ಫಿಲ್ಮೂ ಅಂಟಾಗಿ, ಪುಡಿಯಾಗಿ ಹೋಯಿತು. ಆದರೆ ಯಂತ್ರದ ಟಿಕಿಟಿಕಿ, ಒದ್ದೆ ಉಣ್ಣೆ ಕೋಟುಗಳ ವಾಸನೆ, ಪರದೆಯಾಗಿ ಕಟ್ಟಿದ್ದ, ಸುಕ್ಕಿದ್ದ ಆ ಬಿಳಿ ದುಪ್ಪಟಿ ನನಗೆ ನಿನ್ನೆಯ ಹಾಗಿದೆ. ಆರ್ವಿಲ್‌ನ ಮುಖ ಬರುತ್ತ ಬರುತ್ತ ದುಪ್ಪಟಿ ತುಂಬಿತು. ಮುಂದಿನ ಬೆಂಚಿನವರು ಕಾಲು ಎಳೆದುಕೊಂಡರು. ಸಿನಿಮಾಕ್ಕೆ ನುಡಿಸುತ್ತಿದ್ದ ಪಿಯಾನೋ ನಿಂತುಹೋಯಿತು.

ಫಿಲೀನಾ ಎದ್ದು ಹೋಗಿ ಆ ಕೆನ್ನೆಯ ಮೇಲೆ ಕೈಯಿಟ್ಟಳು. “ಇವನು! ನನ್ನ ಆರ್ವಿ! ಗಲ್ಲದ ಮೇಲೆ ಮೇಕೆ ಗುದ್ದಿದ ಕಲೆ ನೋಡ್ರೇ!”

ಹಲಗೆಯ ಅಕ್ಷರ ಬಂತು. ಹಿಂದಿನವರು ಅದನ್ನು ಗಟ್ಟಿಯಾಗಿ ಓದಿ ಅತ್ತರು. ಫಿಲೀನಾ ಅಳಲಿಲ್ಲ.

“ಅಮ್ಮ ಅಂತ ಎಲ್ಲಿ ಅಂದ? ಬೈಯೋವಾಗ ಆ ಬಾಯಿ ಹೇಗಿರುತ್ತೆ ಅಂತ ನನಗೆ ಗೊತ್ತಿಲ್ವಾ? ನಡಿ ಮನೆಗೆ, ಆ ಹೊಲಸು ಬಾಯಿಗೆ ಸೋಪು ಹಾಕಿ ತೊಳೀತೀನಿ!”

ಹೊರಗೆ ಬರುವಾಗ ಗಾಸೇಜ್ ಅವನನ್ನು ತಡೆದರು. “ಒಬ್ಬ ಕಳ್ಳ ಸಾಯೋಕೆ ಅಷ್ಟು ಹೊತ್ತೇನೋ, ಹಾಕಡೆ?”

ಆರ್ವಿಲ್ ತಾಯಿಯ ಶಾಲು ಸರಿಮಾಡಿ ಹೇಳಿದ: “ಅಮ್ಮ ಕನ್ನಡಕ ಒರೆಸ್ಕೊಂಡು ಹಾಕ್ಕೊಳ್ಳೋವರೆಗಾದ್ರೂ ಬದುಕಿರ್ಬೇಕಲ್ಲ ಸಾರ್.”