ಹುಣಸೆ ಕಟ್ಟಿಗೆಯ ಸೌಟು

ಮೊನ್ನೆ ಅಡುಗೆಮನೆಯ ಡಬ್ಬಿಗಳ ಹಿಂದೆ ಕೈಯಾಡಿಸುವಾಗ ಆ ಹಳೆಯ ಸೌಟು ಸಿಕ್ಕಿತು. ಉದ್ದಕ್ಕೂ ಸೀಳಿದೆ. ಸಾರಿಗೆ ಹಾಕಿದರೆ ಅರ್ಧ ಸೋರಿಹೋಗುತ್ತದೆ. ಯಾಕೆ ಇಟ್ಟುಕೊಂಡಿದ್ದೀ ಎಂದು ಮನೆಯಲ್ಲಿ ಕೇಳುತ್ತಾರೆ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಬಾಡಿಗೆಗಿದ್ದಾಗ ಪಕ್ಕದ ಮನೆಯ ಅಕ್ಕ ಮಾಡಿಕೊಟ್ಟದ್ದು ಅದು. ಬಡಗಿಯಾಗಿದ್ದ ಅವಳ ಗಂಡ ಲಕ್ವ ಹೊಡೆದು ಮಲಗಿದ ಮೇಲೆ ಅವನ ಬಾಚಿ, ಉಳಿ ಇವಳ ಕೈಗೆ ಬಂದಿದ್ದವು; ಸೌಟು ಕೆತ್ತಿ ಮಾರುತ್ತಿದ್ದಳು. ಗಳಿಗೆಗೊಮ್ಮೆ ಅವನು ಕೋಲಿನಿಂದ ಗೋಡೆ ಕುಟ್ಟುತ್ತಿದ್ದ. ಕುಟ್ಟಿದೊಡನೆ ಅವಳು ಹಾಜರಿರಬೇಕು. ಹಾಗಾಗಿ ಓಣಿಯ ನಲ್ಲಿಯೇ ಅವಳ ಗಡಿ.

ಕಟ್ಟಿಗೆ ತರುವ ಕೆಲಸ ನನ್ನದು, ಕುರುಗೋಡಿನ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆನಲ್ಲ. ತಂದದ್ದನ್ನು ಅವಳು ತಟ್ಟಿ ಸದ್ದು ಕೇಳುವಳು, ಕಡಿದ ತುದಿಗೆ ನಾಲಿಗೆ ತಾಗಿಸುವಳು. ಬೇವಾದರೆ, “ಸಾರು ಕಹಿ ಆಗತೈತಿ, ಟೀಚರಮ್ಮ” ಎಂದು ಒಲೆಗೆ. ಬಳ್ಳಾರಿ ಜಾಲಿಯೂ ಒಲೆಗೆ. ನನ್ನ ಜಾಣತನವೂ ಅದರ ಜೊತೆಗೇ ಉರಿಯುತ್ತಿತ್ತು!

“ಒಮ್ಮಿ ನಾನಽ ಹೋಗಿ ಆರಿಸ್ಕೊಂಡು ಬರಬೇಕು. ಗಿಡ ಮುಟ್ಟಿ ಎಷ್ಟು ವರ್ಷ ಆತೋ...” ಎನ್ನುತ್ತಿದ್ದಳು.

ಕುರುಗೋಡಿನ ದಾರಿಯಲ್ಲಿ ದೊಡ್ಡದೊಂದು ಹುಣಸೆಮರ ಉರುಳಿತು. ಭಾನುವಾರ ನಾನು ಅವಳ ಗಂಡನ ಹತ್ತಿರ ಕೂರುವುದು, ಅವಳು ಹೋಗಿಬರುವುದು ಎಂದು ಮಾತಾಯಿತು. ಆ ಭಾನುವಾರ ನಾನು ಸಿರುಗುಪ್ಪದಲ್ಲಿ ತಂಗಿಗೆ ಸೀರೆ ಆರಿಸುತ್ತ ಕೂತಿದ್ದೆ. ಮರೆತಿರಲಿಲ್ಲ. ಆ ಕತ್ತಲೆ ಕೋಣೆ, ಆ ಕುಟ್ಟುವ ಸದ್ದು ನೆನೆದು ಹೆದರಿದ್ದೆ. ಒಂದೇ ದಿನಕ್ಕೆ ಹೆದರಿದ್ದೆ.

ಸೋಮವಾರ ತಪ್ಪು ಮುಚ್ಚಿಕೊಳ್ಳಲು ಆ ಮರದ್ದೇ ಒಂದು ಕೊಂಬೆ ತಂದೆ, ತೋಳಿನಷ್ಟು ದಪ್ಪದ್ದು. ಉಡಲೆಂದು ತೆಗೆದಿದ್ದ ಅವಳ ಸೀರೆ ಇನ್ನೂ ಟ್ರಂಕಿನ ಮೇಲಿತ್ತು. ಅವಳು ಕೊಂಬೆಯ ತುದಿ ನೋಡಿದಳು.

“ನಡುವಿನ ತಿರುಳು ಹಂಗಽ ಐತಲ್ಲ. ತಿರುಳು ಬಿಟ್ಟು ಸೀಳಿದ್ದು ಬೇಕಿತ್ತು. ಇದು ಒಣಗಿದ ಮ್ಯಾಲೆ ಸೀಳತೈತಿ.”

“ಒಲಿಗೆ ಒಗೆದುಬಿಡಕ್ಕ ಹಂಗಾದ್ರ.”

“ಇರ್ಲಿ, ನೀ ತಂದೀಯಲ್ಲ” ಎಂದು ಅದರಲ್ಲೇ ನನಗೊಂದು ಸೌಟು ಕೆತ್ತಿದಳು. ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿದಳು. ಭಾನುವಾರದ ಮಾತೇ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮುಂದಿನ ಬೇಸಿಗೆಯಲ್ಲಿ ಜ್ವರ ಬಂದು ಗಂಡನಿಗಿಂತ ಮೊದಲು ಅವಳೇ ಹೋದಳು. ಅವಳು ಆ ನಲ್ಲಿ ದಾಟಿದ್ದನ್ನು ನಾನು ಕಂಡದ್ದು ಅಂದೇ, ನಾಲ್ವರ ಹೆಗಲ ಮೇಲೆ. ಒಳಗೆ ಅವನು ಗೋಡೆ ಕುಟ್ಟುತ್ತಲೇ ಇದ್ದ...

ಸೌಟನ್ನು ತೊಳೆದು, ಒರೆಸಿ, ಮತ್ತೆ ಡಬ್ಬಿಗಳ ಹಿಂದೆಯೇ ಇಟ್ಟೆ. ಒಂದು ಭಾನುವಾರ. ಅಷ್ಟೇ ಕೇಳಿದ್ದಳು.