ಎರಡು ವಾಲ್ವ್

ದೆವ್ವ, ಶಕುನ, ಅಶರೀರವಾಣಿ ಎಂದು ಯಾರಾದರೂ ಶುರುಮಾಡಿದರೆ ಎದ್ದು ಕಾಫಿ ಮಾಡಲು ಹೋಗುತ್ತಿದ್ದವಳು ನಾನು. ಡಲ್ಲಾಸ್ ಪಕ್ಕದ ಪ್ಲೇನೋ ಊರಿನ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುವುದು ನನ್ನ ಕೆಲಸ. ಕಾರಣವಿಲ್ಲದೆ ಯಾವುದೂ ಕೆಡುವುದಿಲ್ಲ, ಹುಡುಕಿದರೆ ಸಿಕ್ಕೇ ಸಿಗುತ್ತದೆ ಎಂದು ಗಟ್ಟಿಯಾಗಿ ನಂಬಿದ್ದೆ. ಈಗ ಹೇಳಹೊರಟಿರುವುದಕ್ಕೆ ಮಾತ್ರ ಕಾರಣ ಸಿಕ್ಕಿಲ್ಲ. ನೀವು ನಕ್ಕರೂ ಬೇಜಾರಿಲ್ಲ.

ನಮ್ಮವರಿಗೆ ಹಳೇ ಕಾರಿನ ಹುಚ್ಚು. ಅಲ್ಲೇ ಹತ್ತಿರದ ಅಲೆನ್ ಊರಿನ ನಮ್ಮ ಮನೆಯ ಗರಾಜಿನಲ್ಲಿ ಮುದಿ ಬ್ರಿಟಿಷ್ ಕಾರೊಂದು ಎಂಜಿನ್ ಬಿಚ್ಚಿಸಿಕೊಂಡು ಕೂತಿದೆ. ದಿನಾ ಓಡಿಸುವ ಕಾರುಗಳು ಬಿಸಿಲಲ್ಲಿ ಒಣಗುತ್ತವೆ. ಆ ಎಂಜಿನ್ನಿನ ಒಂದು ವಾಲ್ವ್ ಸುಟ್ಟುಹೋಗಿತ್ತು. ಅಂಥದ್ದೇ ಇನ್ನೊಂದಕ್ಕಾಗಿ ಇವರು ಡಲ್ಲಾಸ್‌ನ ಗುಜರಿಗಳನ್ನೆಲ್ಲ ಜಾಲಾಡಿದರು. ಕೊನೆಗೆ ಆಸ್ಟಿನ್‌ನಲ್ಲಿ ಹಳೇ ಕಾರಿನ ಭಾಗಗಳನ್ನು ಕೂಡಿಡುವ ಶೇಷಾದ್ರಿ ಅಂಕಲ್ ಎಂಬವರನ್ನು ಫೋನಿನಲ್ಲಿ ಹಿಡಿದರು. ಅಷ್ಟರಲ್ಲಿ ಇವರ ಹೃದಯದ ವಾಲ್ವೇ ಕೈಕೊಟ್ಟಿತು. ಮೆಟ್ಟಿಲು ಹತ್ತಿದರೆ ಏದುಸಿರು. ಹ್ಯೂಸ್ಟನ್‌ನಲ್ಲಿ ಆಪರೇಷನ್ ಮಾಡಿ ಕೃತಕ ವಾಲ್ವ್ ಹಾಕುವುದೆಂದು ತೀರ್ಮಾನವಾಯಿತು.

ಅವತ್ತು ಬೆಳಿಗ್ಗೆ ಸ್ಟ್ರೆಚರ್ ಮೇಲೆ ಮಲಗಿದ್ದಾಗಲೂ ಅದೇ ಧ್ಯಾನ.

“ಶೇಷಾದ್ರಿ ಅಂಕಲ್ ಇವತ್ತು ನಿಂಗೆ ಫೋನ್ ಮಾಡ್ತಾರೆ ಕಣೇ. ವಾಲ್ವ್ ಏನಾಯ್ತು ಕೇಳ್ಕೊ.”

“ಈಗ ಅದೊಂದು ಕಡಿಮೆಯಾಗಿತ್ತು ನೋಡಿ,” ಎಂದೆ.

“ನಂಗೊಂದು, ಕಾರಿಗೊಂದು,” ಎಂದು ನಕ್ಕರು. ಅವರನ್ನು ಒಳಗೆ ತಳ್ಳಿಕೊಂಡು ಹೋದ ಮೇಲೆ ನಾನು ಚೆನ್ನಾಗಿ ಅತ್ತೆ.

ಮಧ್ಯಾಹ್ನ ಕಾಯುವ ಕೋಣೆಯಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ವಯಸ್ಸಾದ ಗಂಡಸಿನ ದನಿ.

“ಆ ವಾಲ್ವ್ ಹಾಕಬ್ಯಾಡ್ರಿ. ನೋಡ್ಲಿಕ್ಕೆ ಛಲೋ ಅದ, ಒಳಗ ಬಿರುಕು ಬಿಟ್ಟದ. ಬ್ಯಾರೆ ತರಸ್ರಿ.”

“ಆಯ್ತು ಅಂಕಲ್, ಅವರಿಗೆ ಹೇಳ್ತೀನಿ,” ಎಂದೆ. ಫೋನ್ ಕಟ್ ಆಯಿತು. ಒಳಗೆ ಗಂಡನ ಎದೆ ತೆರೆದಿಟ್ಟಿದ್ದಾರೆ, ಈ ಮನುಷ್ಯನಿಗೆ ಕಾರಿನ ಚಿಂತೆ ಎಂದು ಸಿಟ್ಟು ಬಂತು. ಧಾರವಾಡದ ಕಡೆಯವರಿರಬೇಕು ಅಂದುಕೊಂಡು ಸುಮ್ಮನಾದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಸರ್ಜನ್ ತಾವೇ ಬಂದು ಹೇಳಿದರು. ಸಂಜೆ ಇನ್ನೊಂದು ಫೋನ್.

“ನಾನಮ್ಮ, ಆಸ್ಟಿನ್‌ನಿಂದ ಶೇಷಾದ್ರಿ. ಯಜಮಾನ್ರು ಹೇಗಿದಾರೆ? ವಾಲ್ವ್ ಸಿಕ್ತು ಅಂತ ಹೇಳಿ. ಹೊಸದು, ಪ್ಯಾಕ್ ಕೂಡ ಒಡೆದಿಲ್ಲ.” ಅಪ್ಪಟ ಮೈಸೂರು ಕನ್ನಡ.

“ಮಧ್ಯಾಹ್ನ ಬಿರುಕಿದೆ ಅಂದ್ರಲ್ಲ ಅಂಕಲ್?”

“ಮಧ್ಯಾಹ್ನ ನಾನು ಫೋನೇ ಮಾಡಿಲ್ಲವಲ್ಲಮ್ಮ. ಇದು ನನ್ನ ಕೈಗೆ ಬಂದಿದ್ದೇ ಈಗ.”

ಫೋನಿಟ್ಟವಳೇ ಮಧ್ಯಾಹ್ನದ ನಂಬರಿಗೆ ಮಾಡಿ ನೋಡಿದೆ. ಅದು ಚಾಲ್ತಿಯಲ್ಲೇ ಇಲ್ಲವಂತೆ. ರಾಂಗ್ ನಂಬರ್ ಎನ್ನೋಣವೆಂದರೆ, ಹ್ಯೂಸ್ಟನ್‌ನಲ್ಲಿ ಕೂತವಳಿಗೆ ಕನ್ನಡದಲ್ಲಿ, ಅದೂ ವಾಲ್ವ್ ವಿಷಯದಲ್ಲಿ, ರಾಂಗ್ ನಂಬರ್ ಬರುತ್ತದೆಯೇ? ಹಾಕಬೇಡಿ ಎಂದವರು ಯಾವುದನ್ನು ಹಾಕಬೇಡಿ ಎಂದರು? ಮರುದಿನ ಸರ್ಜನ್ನರನ್ನು ಸುತ್ತಿಬಳಸಿ ಕೇಳಿದೆ. ವಾಲ್ವ್ ಅತ್ಯುತ್ತಮವಾಗಿದೆ, ಧೈರ್ಯವಾಗಿರಿ ಎಂದರು. ಆಮೇಲಿನ ಸ್ಕ್ಯಾನ್‌ಗಳಲ್ಲೂ ಎಲ್ಲ ಸರಿಯಾಗಿಯೇ ಇದೆ. ಆದರೆ ಮನೆಯಲ್ಲಿ ಟಿವಿ ಆರಿಸಿದಾಗ ಅವರ ಎದೆಯಿಂದ ಟಿಕ್ ಟಿಕ್ ಎಂದು ಕೇಳುತ್ತದೆ. ಇಂಥ ವಾಲ್ವ್ ಹಾಗೇ ಸದ್ದು ಮಾಡುತ್ತದಂತೆ. ನಾನು ಮಾತು ನಿಲ್ಲಿಸಿ ಕಿವಿಗೊಡುತ್ತೇನೆ. ಆ ಫೋನಿನ ಸಂಗತಿ ಅವರಿಗೆ ಹೇಳಲು ಬಾಯಿ ಬರುವುದಿಲ್ಲ.

ಕಾರಿನ ವಾಲ್ವ್ ಪಾರ್ಸೆಲ್‌ನಲ್ಲಿ ಬಂತು. ಇವರು ಭೂತಗನ್ನಡಿ ಹಿಡಿದು ನೋಡಿದರು, ಒಂದು ಗೀರೂ ಇಲ್ಲ.

“ಅದನ್ನ ಹಾಕಬೇಡಿ ರೀ. ಒಳಗೆ ಬಿರುಕಿದ್ರೆ?”

“ಎಲ್ಲಿದೆ, ತೋರಿಸು.”

ಏನು ತೋರಿಸಲಿ? ನೆಂಟರು ಬರುತ್ತಾರೆ, ಸೆಖೆ ಜಾಸ್ತಿ, ಇನ್ನೂ ಭಾರ ಎತ್ತಬಾರದು ಎಂದು ಮುಂದೂಡುತ್ತಲೇ ಬಂದೆ. ನನ್ನ ಲೆಕ್ಕ ಇಷ್ಟೇ. ಅದು ಡಬ್ಬಿಯಲ್ಲಿರುವ ತನಕ ಆ ಮುದುಕ ಹೇಳಿದ್ದು ಕಾರಿನ ವಾಲ್ವ್ ಬಗ್ಗೆಯೇ ಎಂದುಕೊಳ್ಳಬಹುದು. ಹಾಕಿದ ಮೇಲೆ ಎಂಜಿನ್ ಚೆನ್ನಾಗಿ ಓಡಿಬಿಟ್ಟರೆ ಉಳಿಯುವುದು ಇನ್ನೊಂದೇ.

ನಾಳೆ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಿಂದ ಇವರ ಗೆಳೆಯರು ಬರುತ್ತಿದ್ದಾರೆ. ಇಬ್ಬರೂ ಸೇರಿ ವಾಲ್ವ್ ಕೂರಿಸಿ ಎಂಜಿನ್ ಸ್ಟಾರ್ಟ್ ಮಾಡಿಯೇ ಬಿಡುತ್ತಾರಂತೆ. ಇವರು ಗರಾಜಿನಲ್ಲಿ ಸ್ಪ್ಯಾನರ್ ಜೋಡಿಸಿಕೊಳ್ಳುತ್ತಾ ಶಿಳ್ಳೆ ಹಾಕುತ್ತಿದ್ದಾರೆ. ನಾನು ದೇವರ ಮುಂದೆ ಕೂತು, ಆ ಕಾರು ಕೆಟ್ಟು ನಿಲ್ಲಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದೇನೆ.