ಸೇವೆಗೆ ಯಾವ ವೀಸಾ?

೨೦೨೩ರಲ್ಲಿ ನಾನು ಆದೋನಿಯಲ್ಲಿ ವಿದೇಶಿ ಉದ್ಯೋಗದ ವೀಸಾ ಸಲಹೆಗಾರ್ತಿಯಾಗಿದ್ದೆ. ಸರ್ಕಾರಿ ಉದ್ಯೋಗ ಕಚೇರಿಯಿಂದ ನಿವೃತ್ತಳಾದ ಮೇಲೆ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಕೋಣೆ ಹಿಡಿದು ಕೂತಿದ್ದೆ. ಮೆಟ್ಟಿಲು ಹತ್ತಿ ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು, ಯಾವ ವೀಸಾ ಬೇಗ ಬರುತ್ತದೆ ಎಂದು. ಆ ಪ್ರಶ್ನೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ದುಡಿಯಲು ಹೋಗುವವರು ಮೊದಲು ಕೇಳಬೇಕಾದದ್ದು ತಮ್ಮ ಕೆಲಸಕ್ಕೆ ಯಾವ ವೀಸಾ ಎಂದು. ಇದನ್ನು ಹೇಳಿ ಹೇಳಿ ನನ್ನ ಬಾಯಿ ಸವೆದಿದೆ.

ಗೋವಿಂದಾಚಾರ್ರು ಆ ಪ್ರಶ್ನೆ ಕೇಳಲಿಲ್ಲ. ಅಷ್ಟರ ಮಟ್ಟಿಗೆ ಅವರ ಮೇಲೆ ನನಗೆ ಮೊದಲ ದಿನವೇ ಗೌರವ ಹುಟ್ಟಿತು. ಪತ್ತಿಕೊಂಡದ ವೈಷ್ಣವ ಮನೆತನದ ಅರ್ಚಕರು, ಮೂವತ್ತೈದರ ಆಸುಪಾಸು, ಅಡುಗೆಯಲ್ಲೂ ಎತ್ತಿದ ಕೈ. ಮನೆತನದ ಗುಡಿಯ ಪೂಜೆ ಅಣ್ಣತಮ್ಮಂದಿರಲ್ಲಿ ಪಾಳಿಯ ಪ್ರಕಾರ ಹಂಚಿಹೋಗಿ, ವರ್ಷಕ್ಕೆ ಮೂರು ತಿಂಗಳು ಮಾತ್ರ ಇವರ ಪಾಲಿಗೆ ಬರುತ್ತಿತ್ತು. ಉಳಿದ ದಿನ ಮದುವೆ, ಶ್ರಾದ್ಧದ ಅಡುಗೆಗೆಂದು ಊರೂರು ತಿರುಗಾಟ. ಬ್ರಿಟನ್ನಿನ ಒಂದು ದೇವಸ್ಥಾನದವರು ಪೂಜೆಗೂ ನೈವೇದ್ಯದ ಅಡುಗೆಗೂ ಇವರನ್ನು ಕರೆದಿದ್ದರು. ವರ್ಷಪೂರ್ತಿ ಒಂದೇ ಗರ್ಭಗುಡಿಯಲ್ಲಿ ನಿಂತು ಪೂಜೆ ಮಾಡಬಹುದು ಎನ್ನುವಾಗ ಅವರ ಮುಖ ಅರಳಿತ್ತು. ಜೊತೆಗೆ ಬಂದಿದ್ದ ಹೆಂಡತಿ ರಮಾ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

ದೇವಸ್ಥಾನದ ಕಾರ್ಯದರ್ಶಿ ಹೇಳಿದ್ದು ಹೀಗೆ: ಸದ್ಯಕ್ಕೆ ವಿಸಿಟರ್ ವೀಸಾದಲ್ಲಿ ಬನ್ನಿ, ಬಂದ ಮೇಲೆ ಅದನ್ನೇ ಕೆಲಸದ ವೀಸಾ ಮಾಡಿಸಿಕೊಡುತ್ತೇವೆ. ಕೇಳಿದ ತಕ್ಷಣ ನನಗೆ ಇದು ಸರಿಯಲ್ಲ ಅನಿಸಿತು. ವಿಸಿಟರ್ ವೀಸಾ ಎಂದರೆ ಊರು ನೋಡಿ, ನೆಂಟರನ್ನು ಕಂಡು, ಆರು ತಿಂಗಳೊಳಗೆ ಹಿಂದಿರುಗುವವರಿಗೆ. ಆ ದೇಶದೊಳಗೇ ಕೂತು ಅದನ್ನು ಕೆಲಸದ ವೀಸಾ ಮಾಡಿಸಲು ಬರುವುದಿಲ್ಲ. ಇಂಥವರಿಗೆಂದೇ ಅಲ್ಲಿ ರಿಲಿಜಿಯಸ್ ವರ್ಕರ್ ವೀಸಾ ಇದೆ. ಅದಕ್ಕೆ ದೇವಸ್ಥಾನವೇ ಸ್ಪಾನ್ಸರ್ ಆಗಬೇಕು, ಅಂದರೆ ಸರ್ಕಾರದಿಂದ ಲೈಸೆನ್ಸ್ ಪಡೆದು, ಈ ಮನುಷ್ಯ ನಮ್ಮಲ್ಲಿ ಈ ಕೆಲಸಕ್ಕೆ ಬರುತ್ತಿದ್ದಾನೆ ಎಂದು ಜವಾಬ್ದಾರಿ ಹೊರಬೇಕು. ಇದನ್ನೆಲ್ಲ ಬಿಡಿಸಿ ಹೇಳಿದರೂ ಆಚಾರ್ರ ತಲೆಗೆ ಒಂದು ಮಾತು ಮಾತ್ರ ಇಳಿಯುತ್ತಿಲ್ಲ ಎನ್ನುವುದು ಗೊತ್ತಾಯಿತು. ಹಾಗಾಗಿ ನಾನೇ ವಿಮಾನ ನಿಲ್ದಾಣದ ಅಧಿಕಾರಿಯಂತೆ ಕೂತು ಕೇಳಿದೆ.

“ಇಲ್ಲಿ ಕೆಲಸ ಮಾಡಾಕ ಬಂದೀರೇನು?”

“ಕೆಲಸ ಅಲ್ರಿ, ಸೇವಾ.”

“ಸಂಬಳ ಎಷ್ಟು ಕೊಡ್ತಾರ?”

“ದೇವರ ಮುಂದ ಸಂಬಳ ಎಲ್ಲಿಂದ ಬಂತ್ರಿ ಮೇಡಂ. ಸಂಭಾವನಾ ಕೊಡ್ತಾರ.”

ಅವರು ತಮಾಷೆ ಮಾಡುತ್ತಿರಲಿಲ್ಲ. ನಮ್ಮ ಕಡೆ ಅರ್ಚಕರು ಸಂಬಳ ಎನ್ನುವ ಮಾತನ್ನು ಬಾಯಿಗೇ ತರುವುದಿಲ್ಲ. ದೇವರಿಗೆ ಅದು ಸೇವಾ ಇರಬಹುದು, ಕಾನೂನಿಗೆ ಮಾತ್ರ ಕೆಲಸನೇ ಆಚಾರ್ರೇ, ಎಂದೆ. ತಲೆಯಾಡಿಸಿದರು. ಒಪ್ಪಿ ಆಡಿಸಿದ್ದಲ್ಲ, ನನ್ನ ವಯಸ್ಸಿಗೆ ಕೊಟ್ಟ ಮರ್ಯಾದೆ ಅದು.

ಮುಂದಿನದನ್ನು ರಮಾ ಬಂದು ಹೇಳಿದಳು. ಸ್ಪಾನ್ಸರ್ ವಿಷಯ ಎತ್ತಿದರೆ ಕಾರ್ಯದರ್ಶಿ, ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದನಂತೆ. ಊರು ನೋಡಲು ಬಂದೆ ಎಂದು ಸುಳ್ಳು ಹೇಳಬೇಕಲ್ಲ ಎಂದು ಆಚಾರ್ರು ಒಂದು ವಾರ ಸರಿಯಾಗಿ ಉಣ್ಣಲಿಲ್ಲ, ಮಲಗಲಿಲ್ಲ. ಕೊನೆಗೆ ಕಾರ್ಯದರ್ಶಿಯೇ ದಾರಿ ತೋರಿಸಿದ: ಊರನ್ನೂ ನೋಡಿ, ದರ್ಶನವನ್ನೂ ಮಾಡಿ, ಆಗ ಸುಳ್ಳು ಹೇಗಾಗುತ್ತದೆ? ಆಚಾರ್ರಿಗೆ ಸಮಾಧಾನವಾಯಿತು. ಹೈದರಾಬಾದಿನ ಏಜೆಂಟನೊಬ್ಬ ಪ್ರವಾಸ ಎಂದು ಬರೆದ ಅರ್ಜಿಗೆ ಸಹಿ ಹಾಕಿದರು. ನನಗೆ ತಿಳಿಯುವ ಹೊತ್ತಿಗೆ ಅವರು ಅಲ್ಲಿ ಇಳಿದಾಗಿತ್ತು. ಅಲ್ಲ, ಇಷ್ಟು ಓದಿಕೊಂಡ ಮನುಷ್ಯ ಇಂಥ ಮಾತಿಗೆ ಮರುಳಾಗುವುದೇ ಎಂದು ರಮಾಳ ಎದುರಿಗೇ ಬೈದುಬಿಟ್ಟೆ.

ಮೊದಮೊದಲು ರಮಾಳಿಗೆ ದಿನಾ ಫೋನ್ ಬರುತ್ತಿತ್ತು. ಆಮೇಲೆ ವಾರಕ್ಕೊಮ್ಮೆ, ಅದೂ ಪಿಸುದನಿಯಲ್ಲಿ. ಪಾಸ್‌ಪೋರ್ಟನ್ನು ಜೋಪಾನವಾಗಿ ಇಡುತ್ತೇನೆಂದು ಕಾರ್ಯದರ್ಶಿ ತೆಗೆದುಕೊಂಡಿದ್ದ. ಮಲಗುವುದು ನೆಲಮಾಳಿಗೆಯ ಅಡುಗೆಮನೆಯ ಪಕ್ಕದಲ್ಲಿ. ಗುರುತಿಲ್ಲದವರು ಯಾರಾದರೂ ಗುಡಿಗೆ ಬಂದರೆ ಆಚಾರ್ರು ಪೂಜೆಯನ್ನು ಅಲ್ಲಿಗೇ ಬಿಟ್ಟು ಕೆಳಗಿಳಿದು, ಅಕ್ಕಿ ಚೀಲಗಳ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂಡಬೇಕು. ಇದನ್ನು ಹೇಳುವಾಗ ರಮಾ ಸೆರಗನ್ನು ಬಾಯಿಗಿಟ್ಟುಕೊಂಡಳು. ಆರು ತಿಂಗಳು ಕಳೆಯಿತು, ವೀಸಾ ಮುಗಿಯಿತು. ಹೊಸ ವೀಸಾದ ಮಾತೆತ್ತಿದರೆ ಕಾರ್ಯದರ್ಶಿಯದು “ಪರ್ವಾಗಿಲ್ಲ, ನೋಡೋಣ” ಎನ್ನುವುದೊಂದೇ ಉತ್ತರ.

ಹಬ್ಬದ ಅಡುಗೆಯ ದಿನ ಕುದಿಯುವ ಸಾರಿನ ಪಾತ್ರೆ ಮಗುಚಿ ಅವರ ಬಲಗೈ ಮೇಲೆ ಬಿತ್ತು. ಆಸ್ಪತ್ರೆಗೆ ಹೋದರೆ ವೀಸಾ ಕೇಳುತ್ತಾರೆ, ಪೊಲೀಸರು ಬರುತ್ತಾರೆ ಎಂದು ಗುಡಿಯವರು ಹೆದರಿಸಿ, ಮುಲಾಮು ಹಚ್ಚಿ ಕೂರಿಸಿದ್ದರು. ನಾಲ್ಕನೆಯ ದಿನ ರಮಾ ಮೆಟ್ಟಿಲು ಓಡಿ ಹತ್ತಿ ಬಂದು ಫೋನಿನಲ್ಲಿ ಫೋಟೋ ತೋರಿಸಿದಳು. ಕೈ ಮೊಣಕೈವರೆಗೆ ಬಾತಿತ್ತು, ಬೆರಳುಗಳ ಬಣ್ಣ ತಿರುಗಿತ್ತು. ನಾನು ಡಾಕ್ಟರಲ್ಲ. ಆದರೂ ಆ ಕೈ ಹೋಗುತ್ತದೆ, ಕೈಯ ಜೊತೆಗೆ ಮನುಷ್ಯನೂ ಹೋಗಬಹುದು ಎಂದು ತಿಳಿಯಲು ಡಾಕ್ಟರೇ ಆಗಬೇಕಿರಲಿಲ್ಲ.

ಕಾರ್ಯದರ್ಶಿಗೆ ಫೋನ್ ಹಚ್ಚಿದೆ. ಸಭ್ಯವಾದ, ತಣ್ಣನೆಯ ದನಿ.

“ಅವರು ನಮ್ಮ ಕೆಲಸದವರಲ್ಲ ಮೇಡಂ. ದರ್ಶನಕ್ಕೆ ಬಂದ ಭಕ್ತರು. ತಾವಾಗಿಯೇ ಸೇವೆ ಮಾಡುತ್ತಿದ್ದರು. ಬೇಕಾದರೆ ಅವರನ್ನೇ ಕೇಳಿ.”

ಅವನು ಹೇಳಿದ್ದು ಕಾಗದದ ಲೆಕ್ಕದಲ್ಲಿ ನಿಜವೇ ಆಗಿತ್ತು. ಆಚಾರ್ರು ಅಲ್ಲಿ ದುಡಿಯುತ್ತಿದ್ದರು ಎನ್ನುವುದಕ್ಕೆ ಜಗತ್ತಿನಲ್ಲಿ ಒಂದು ಸಾಕ್ಷಿಯೂ ಇರಲಿಲ್ಲ, ಅವರ ಬಾಯಿಯೂ ಸೇರಿದಂತೆ. ಸರಿಯಾದ ವೀಸಾ ಇದ್ದಿದ್ದರೆ ಈ ಮನುಷ್ಯ ಹೀಗೆ ಕೈ ತೊಳೆದುಕೊಳ್ಳಲು ಆಗುತ್ತಿರಲಿಲ್ಲ. ಬಾಯಿಗೆ ಬಂದಂತೆ ಬೈದು ಫೋನ್ ಇಟ್ಟೆ, ಆದರೆ ಅದರಿಂದ ಏನೂ ಪ್ರಯೋಜನವಿರಲಿಲ್ಲ.

ಆಚಾರ್ರಿಗೆ ಫೋನ್ ಮಾಡಿ, ತುರ್ತು ವಿಭಾಗದಲ್ಲಿ ಮೊದಲು ಕೈ ನೋಡುತ್ತಾರೆ, ಪಾಸ್‌ಪೋರ್ಟ್ ಅಲ್ಲ, ಈಗಲೇ ಹೊರಡಿ ಎಂದೆ. ಅವರು ಹೂಂ ಎನ್ನುತ್ತಾರೆ, ಏಳುವುದಿಲ್ಲ. ಕೊನೆಗೆ ರಮಾ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. “ನನಗ ನೀವು ಬೇಕ್ರಿ. ಜೈಲಿಗೆ ಹಾಕಿದ್ರ ಹಾಕ್ಲಿ, ಜೀವಂತ ಇರ್ರಿ,” ಎಂದಳು. ಅಂದೇ ಗುಡಿಗೆ ಬಂದಿದ್ದ ಒಬ್ಬ ಹೆಣ್ಣುಮಗಳನ್ನು ಆಚಾರ್ರು ಬಾಯಿಬಿಟ್ಟು ಕೇಳಿದರು, ಆಕೆ ಕಾರಿನಲ್ಲಿ ಕರೆದೊಯ್ದಳು. ಕೈ ಉಳಿಯಿತು, ಎರಡು ಬೆರಳು ಮಾತ್ರ ಇವತ್ತಿಗೂ ಮಡಚುವುದಿಲ್ಲ. ನಾನು ಅಲ್ಲಿನ ಭಾರತದ ಹೈಕಮಿಷನ್‌ ಕಚೇರಿಗೆ ಬರೆದ ಮೇಲೆ ಪಾಸ್‌ಪೋರ್ಟ್ ಹೊರಬಂತು. ಆಚಾರ್ರು ಊರಿಗೆ ಬಂದರು.

ಕಳೆದ ವರ್ಷ ಮತ್ತೆ ನನ್ನ ಕೋಣೆಗೆ ಬಂದರು. ಈ ಸಲ ಆಸ್ಟ್ರೇಲಿಯಾದ ದೇವಸ್ಥಾನ, ಸ್ಪಾನ್ಸರ್ ಕ್ರಮವಾಗಿ ಆಗಿತ್ತು, ವೀಸಾ ಧಾರ್ಮಿಕ ಕೆಲಸದ್ದೇ. ನನಗೆ ನಿಜವಾಗಿ ಸಂತೋಷವಾಯಿತು. ಅರ್ಜಿ ತುಂಬುತ್ತಾ ಹೋದಂತೆ ಒಂದು ಪ್ರಶ್ನೆ ಬಂತು: ಈ ಹಿಂದೆ ಯಾವುದಾದರೂ ದೇಶದ ವೀಸಾ ನಿಯಮ ಮುರಿದಿದ್ದೀರಾ? ಹೌದು ಎಂದು ಬರೆದು ನಡೆದದ್ದನ್ನೆಲ್ಲ ವಿವರಿಸೋಣ, ತಿರಸ್ಕರಿಸಿದರೂ ಮುಂದೆ ದಾರಿ ಇರುತ್ತದೆ, ಸುಳ್ಳು ಸಿಕ್ಕಿಬಿದ್ದರೆ ವರ್ಷಗಟ್ಟಲೆ ಬಾಗಿಲು ಮುಚ್ಚುತ್ತದೆ ಎಂದೆ.

ಆಚಾರ್ರು ಕುರ್ಚಿ ಹತ್ತಿರ ಎಳೆದುಕೊಂಡರು.

“ಇಲ್ಲ ಅಂತ ಬರೀರಿ ಮೇಡಂ. ಯಾರಿಗೆ ಗೊತ್ತಾಗ್ತದ?”

ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ನನಗೆ ಹೆದರಿಕೆಯಾಯಿತು, ದುಃಖವೂ ಆಯಿತು. ಬರೆಯಲಾರೆ ಎಂದೆ. ಅವರು ನಮಸ್ಕಾರ ಮಾಡಿ, ಕಾಗದಗಳನ್ನು ಎತ್ತಿಕೊಂಡು ಇಳಿದು ಹೋದರು.

ತಪ್ಪು ವೀಸಾದ ಕೇಡು ಆ ಒಂದು ಪ್ರಯಾಣದ ಜೊತೆ ಮುಗಿಯುತ್ತದೆ ಎಂದು ತಿಳಿದಿದ್ದೆ. ಅದು ಮನುಷ್ಯನ ಒಳಗೂ ಇಳಿಯುತ್ತದೆ ಎನ್ನುವುದನ್ನು ಈ ಕೆಲಸ ನನಗೆ ತಡವಾಗಿ ಕಲಿಸಿತು. ಈಗ ಯಾರೇ ಬಂದರೂ ದೇಶದ ಹೆಸರು ಕೇಳುವ ಮೊದಲು, ಅಲ್ಲಿ ಬೆಳಗ್ಗೆ ಎದ್ದು ಏನು ಮಾಡುತ್ತೀರಿ, ಯಾರ ಮಾತಿನ ಮೇಲೆ ಮಾಡುತ್ತೀರಿ ಎಂದು ಕೇಳುತ್ತೇನೆ.

ಮೊನ್ನೆ ರಮಾ ಫೋನ್ ಮಾಡಿದ್ದಳು. ಅರ್ಜಿಯಲ್ಲಿ ಏನು ಬರೆದರೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

“ವೀಸಾ ಬಂತ್ರಿ ಮೇಡಂ,” ಎಂದಳು. “ಈ ಸಲ ನನ್ನನ್ನೂ ಕರ್ಕೊಂಡು ಹೊಂಟಾರ.”